ಔಷಧಿ ಸಿಕ್ಕಿತು, ಇನ್ನು ರೋಗಿ ಸಿಗಬೇಕು

ರಕ್ತದ ಮೂಲಕ ಹರಡುವ ವೈರಸ್‌ನಿಂದ ಬರುವ ಲಿವರ್ ಕಾಯಿಲೆ ಹೆಪಟೈಟಿಸ್ ಸಿ. ಅದು ತಗುಲಿದ ಬಹಳಷ್ಟು ಜನರಿಗೆ ಅದು ಇರುವುದೇ ಗೊತ್ತಿರುವುದಿಲ್ಲ. ನೋವಿಲ್ಲ, ಎಷ್ಟೋ ಜನರಿಗೆ ಕಾಮಾಲೆಯೂ ಕಾಣಿಸುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಲಿವರ್ ಒಳಗೊಳಗೇ ಹಾಳಾಗುತ್ತಾ ಹೋಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬಿಕೊಂಡ ಮೇಲೆ ಆಸ್ಪತ್ರೆಗೆ ಓಡುತ್ತಾರೆ.

ವೈರಸ್ ಕೂಡ ವಿಜ್ಞಾನಿಗಳ ಕಣ್ಣಿಗೆ ಹೀಗೇ ತಪ್ಪಿಸಿಕೊಂಡು ಓಡಾಡಿತು. 1970ರ ದಶಕದಲ್ಲಿ ರಕ್ತ ಹಾಕಿಸಿಕೊಂಡ ಕೆಲವರಿಗೆ ಲಿವರ್ ಕಾಯಿಲೆ ಬರುತ್ತಿತ್ತು. ಪರೀಕ್ಷೆ ಮಾಡಿದರೆ ಹೆಪಟೈಟಿಸ್ ಎ ವೈರಸ್ಸೂ ಅಲ್ಲ, ಬಿ ವೈರಸ್ಸೂ ಅಲ್ಲ. ಅಮೆರಿಕದ ಹಾರ್ವೆ ಆಲ್ಟರ್ ತಂಡ ಇದನ್ನು ತೋರಿಸಿಕೊಟ್ಟಿತು. ಬೇರೆ ಹೆಸರು ಸಿಗದೆ 'ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್' ಅಂತಲೇ ವರ್ಷಗಟ್ಟಲೆ ಕರೆದರು.

ಕೊನೆಗೆ 1989ರಲ್ಲಿ ಮೈಕೆಲ್ ಹೌಟನ್ ತಂಡ ಅದನ್ನು ಹಿಡಿಯಿತು. ಹೇಗೆ ಅಂತೀರಾ? ಸೋಂಕು ತಗುಲಿದ ಚಿಂಪಾಂಜಿಯ ರಕ್ತದಿಂದ ಜೀನ್ ತುಣುಕುಗಳನ್ನು ತೆಗೆದು ಬ್ಯಾಕ್ಟೀರಿಯಾದೊಳಗೆ ಸೇರಿಸಿದರು. ಅವು ತಯಾರಿಸುವ ಪ್ರೊಟೀನ್‌ಗಳ ಪೈಕಿ ಯಾವುದಕ್ಕೆ ರೋಗಿಯ ರಕ್ತದಲ್ಲಿರುವ ಪ್ರತಿಕಾಯ (ವೈರಸ್ ವಿರುದ್ಧ ದೇಹ ತಯಾರಿಸಿಕೊಳ್ಳುವ ಪ್ರೊಟೀನ್) ಅಂಟಿಕೊಳ್ಳುತ್ತದೆ ಅಂತ ಒಂದೊಂದಾಗಿ ನೋಡುತ್ತಾ ಹೋದರು. ಸುಮಾರು ಹತ್ತು ಲಕ್ಷ ತುಣುಕುಗಳಲ್ಲಿ ಒಂದೇ ಒಂದು ಅಂಟಿತು! ಆ ಒಂದು ತುಣುಕಿನ ಜಾಡು ಹಿಡಿದೇ, ಯಾರೂ ಕಣ್ಣಾರೆ ನೋಡದ ವೈರಸ್ಸಿಗೆ ಒಂದು ಪರೀಕ್ಷೆ ಸಿದ್ಧವಾಯಿತು, 1990ರಿಂದ ದಾನಿಗಳ ರಕ್ತವನ್ನು ತಪಾಸಣೆ ಮಾಡುವುದು ಶುರುವಾಯಿತು. ಆಲ್ಟರ್, ಹೌಟನ್, ಮತ್ತು ಈ ವೈರಸ್ ಒಂದರಿಂದಲೇ ಕಾಯಿಲೆ ಬರಬಲ್ಲದು ಎಂದು ಸಾಬೀತು ಮಾಡಿದ ಚಾರ್ಲ್ಸ್ ರೈಸ್ ಮೂವರಿಗೂ 2020ರ ನೊಬೆಲ್ ಬಂತು. ಹೌಟನ್ ಜೊತೆ ದುಡಿದ ಕ್ವಿ-ಲಿಮ್ ಚೂ, ಜಾರ್ಜ್ ಕುಓ ಅವರನ್ನೂ ಇಲ್ಲಿ ನೆನೆಯಲೇಬೇಕು.

ಚಿಕಿತ್ಸೆ ಮಾತ್ರ ಬಹಳ ಕಾಲ ಕಷ್ಟದ್ದೇ ಆಗಿತ್ತು. ಇಂಟರ್‌ಫೆರಾನ್ ಇಂಜೆಕ್ಷನ್, ಜೊತೆಗೆ ರಿಬಾವಿರಿನ್ ಮಾತ್ರೆ, ಅದೂ ಆರು ತಿಂಗಳಿಂದ ಒಂದು ವರ್ಷ. ಜ್ವರ, ಸುಸ್ತು, ಖಿನ್ನತೆ ಎಲ್ಲವನ್ನೂ ಸಹಿಸಿಕೊಂಡರೂ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗಷ್ಟೇ ಗುಣ. 2013ರ ಕೊನೆಗೆ ಸೊಫೊಸ್‌ಬುವಿರ್ ಮಾತ್ರೆ ಬಂದ ಮೇಲೆ ಚಿತ್ರವೇ ಬದಲಾಯಿತು. ಈಗ ಇಂಥ ಮಾತ್ರೆಗಳನ್ನು ಜೊತೆಗೂಡಿಸಿ ಸುಮಾರು ಮೂರು ತಿಂಗಳು ಕೊಟ್ಟರೆ ನೂರಕ್ಕೆ 95ಕ್ಕೂ ಜಾಸ್ತಿ ಜನ ಪೂರ್ತಿ ಗುಣವಾಗುತ್ತಾರೆ. ಆದರೆ ಅಮೆರಿಕದಲ್ಲಿ ಮೊದಲು ಇಟ್ಟ ಬೆಲೆ 12 ವಾರಕ್ಕೆ 84,000 ಡಾಲರ್. ಜೀವ ಉಳಿಸುವ ಮಾತ್ರೆ ಕಣ್ಣೆದುರಿಗಿದ್ದೂ ಕೈಗೆ ಸಿಗದಿದ್ದರೆ ಎಷ್ಟು ಸಂಕಟ ಅಲ್ವಾ?

ಈ ಗಂಟನ್ನು ಬಿಡಿಸಿ ತೋರಿಸಿದ್ದು ಈಜಿಪ್ಟ್. ಅಲ್ಲಿ ಈ ಕಾಯಿಲೆ ಹರಡಿದ್ದು ಚಿಕಿತ್ಸೆಯಿಂದಲೇ ಅನ್ನುವುದು ಕರುಳು ಹಿಂಡುವ ಸಂಗತಿ. 1950ರ ದಶಕದಿಂದ 80ರ ದಶಕದವರೆಗೆ, ನೀರಿನ ಬಸವನಹುಳುವಿನಿಂದ ಹರಡುವ ಶಿಸ್ಟೊಸೋಮಿಯಾಸಿಸ್ ರೋಗ ಹೋಗಲಾಡಿಸಲು ಸರ್ಕಾರವೇ ಹಳ್ಳಿಹಳ್ಳಿಯಲ್ಲಿ ಇಂಜೆಕ್ಷನ್ ಕೊಡಿಸಿತು. ಸೂಜಿ, ಸಿರಿಂಜುಗಳನ್ನು ಸರಿಯಾಗಿ ಕುದಿಸದೆ ಒಬ್ಬರಿಂದ ಒಬ್ಬರಿಗೆ ಬಳಸಿದರು. ಒಂದು ರೋಗ ಓಡಿಸಲು ಹೋಗಿ ಇನ್ನೊಂದನ್ನು ಲಕ್ಷಾಂತರ ಜನರ ರಕ್ತಕ್ಕೆ ಸೇರಿಸಿದಂತಾಯಿತು.

2014ರಲ್ಲಿ ಅದೇ ಸರ್ಕಾರ ಸೊಫೊಸ್‌ಬುವಿರ್ ತಯಾರಿಸುವ ಕಂಪನಿಯ ಜೊತೆ ಪಟ್ಟು ಹಿಡಿದು ಕೂತು 12 ವಾರದ ಔಷಧಿಯನ್ನು 900 ಡಾಲರ್‌ಗೆ ಇಳಿಸಿತು. ಆಮೇಲೆ ದೇಶದಲ್ಲೇ ತಯಾರಾಗಿ ಇನ್ನೂ ಅಗ್ಗವಾಯಿತು. ಆದರೆ ಸ್ವಲ್ಪ ಕಾಲದಲ್ಲೇ ಆಸ್ಪತ್ರೆಗೆ ತಾವಾಗಿಯೇ ಬರುವ ರೋಗಿಗಳು ಕಡಿಮೆಯಾದರು. ಉಳಿದವರನ್ನು ಹುಡುಕಿಕೊಂಡೇ ಹೋಗಬೇಕಿತ್ತು. 2018ರ ಅಕ್ಟೋಬರ್‌ನಿಂದ ಏಳು ತಿಂಗಳಲ್ಲಿ ಬೆರಳಿಗೆ ಚುಚ್ಚಿ, ಒಂದು ಹನಿ ರಕ್ತ ತೆಗೆದು, ಸುಮಾರು 5 ಕೋಟಿ ಜನರನ್ನು ಪರೀಕ್ಷಿಸಿದರು. ಸೋಂಕು ಇದ್ದವರಿಗೆ ಔಷಧಿ ಪುಕ್ಕಟೆ. ನನ್ನ ಮಟ್ಟಿಗೆ ಈ ಕಥೆಯಲ್ಲಿ ನೊಬೆಲ್‌ಗಿಂತ ದೊಡ್ಡ ಕೆಲಸ ಇದೇ.

ವಿಶ್ವ ಆರೋಗ್ಯ ಸಂಸ್ಥೆ 2030ರೊಳಗೆ ಹೊಸ ಸೋಂಕನ್ನು ಶೇ. 90ರಷ್ಟು, ಸಾವನ್ನು ಶೇ. 65ರಷ್ಟು ಇಳಿಸಬೇಕು ಅಂತ 2016ರಲ್ಲಿ ಗುರಿ ಇಟ್ಟಿತ್ತು. 2022ರ ಲೆಕ್ಕದಲ್ಲಿ ಜಗತ್ತಿನಲ್ಲಿ 5 ಕೋಟಿ ಸೋಂಕಿತರಿದ್ದರು, ಅವರಲ್ಲಿ ಶೇ. 36 ಜನರಿಗಷ್ಟೇ ತಮಗೆ ಸೋಂಕಿದೆ ಎಂದು ಗೊತ್ತಿತ್ತು. ಲಸಿಕೆ ಇನ್ನೂ ಇಲ್ಲ, ಈ ವೈರಸ್ ವೇಷ ಬದಲಿಸುತ್ತಲೇ ಇರುತ್ತದೆ. ಡ್ರಗ್ಸ್ ಚುಚ್ಚಿಕೊಳ್ಳುವವರು, ಜೈಲಿನಲ್ಲಿರುವವರು ಬೈಗುಳ, ಅವಮಾನಕ್ಕೆ ಹೆದರಿ ಪರೀಕ್ಷೆಗೇ ಬರುವುದಿಲ್ಲ. ಬಂದವರೂ ಎರಡನೇ ಪರೀಕ್ಷೆಯ ಹೊತ್ತಿಗೆ ಎಷ್ಟೋ ಸಲ ಕಾಣೆಯಾಗುತ್ತಾರೆ. ಪ್ರತಿಕಾಯ ಸಿಕ್ಕರೆ ಸಾಲದು, ವೈರಸ್ ಇನ್ನೂ ಇದೆಯಾ ಅಂತ ಬೇರೆಯಾಗಿ ನೋಡಬೇಕಲ್ಲ. ಈಗ ಬೆರಳ ತುದಿಯ ರಕ್ತದಿಂದಲೇ, ಸುಮಾರು ಒಂದು ಗಂಟೆಯಲ್ಲಿ ಅದನ್ನೂ ಹೇಳುವ ಯಂತ್ರ ಬಂದಿದೆ. ಮೊದಲ ಪರೀಕ್ಷೆಯನ್ನು ಮನೆಯಲ್ಲೇ, ಯಾರಿಗೂ ಮುಖ ತೋರಿಸದೆ ಮಾಡಿಕೊಳ್ಳುವ ಕಿಟ್‌ಗೆ 2024ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಯೂ ಸಿಕ್ಕಿದೆ.