ನೆತ್ತರುಗೊಡಗೆಯಿಂದ ಅನುಕಂಪದ ನೌಕರಿವರೆಗೆ

ಹಾನಗಲ್ಲಿನ ತಾರಕೇಶ್ವರ ಗುಡಿಗೆ ಹೋದವರು ಒಳಗಿನ ಕಮಲದ ಛತ್ತನ್ನು ತಲೆಯೆತ್ತಿ ನೋಡಿ ಬರುತ್ತಾರೆ. ಆವರಣದಲ್ಲಿರುವ ವೀರಗಲ್ಲುಗಳ ಮುಂದೆ ನಿಲ್ಲುವವರು ಕಡಿಮೆ. ಒಮ್ಮೆ ನಿಂತು ನೋಡಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತ ಅದೇ ಮನುಷ್ಯ, ತುದಿಗೆ ಸೂರ್ಯ ಚಂದ್ರ. ಹಾವೇರಿ, ಗದಗ, ಧಾರವಾಡದ ಊರೂರಲ್ಲಿ ಇಂಥ ಕಲ್ಲುಗಳಿವೆ. ಇವೆಲ್ಲ ರಾಜರ ಯುದ್ಧದಲ್ಲಿ ಮಡಿದವರವಲ್ಲ. ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವರ ಕಲ್ಲುಗಳೂ ಬಹಳ. ಊರಿಗೆ ಕೇಡು ಬಂದಾಗ ಮಿಕ್ಕವರು ಮನೆ ಸೇರಿಕೊಂಡರೆ ಇವರು ಹೊರಗೆ ಓಡಿದರು. ಇವತ್ತು ಪೊಲೀಸರು, ಅಗ್ನಿಶಾಮಕದವರು, ಅರಣ್ಯ ರಕ್ಷಕರು, ಆಂಬುಲೆನ್ಸ್‌ನವರು ಮಾಡುತ್ತಿರುವುದು ಅದೇ ಕೆಲಸ.

‘ಜಿತೇನ ಲಭ್ಯತೇ ಲಕ್ಷ್ಮೀ, ಮೃತೇನಾಪಿ ಸುರಾಂಗನಾ’ ಎಂಬ ಸಾಲು ಎಷ್ಟೋ ವೀರಗಲ್ಲುಗಳ ಮೇಲಿದೆ. ಗೆದ್ದರೆ ಸಿರಿ, ಸತ್ತರೆ ದೇವಲೋಕದ ಹೆಣ್ಣು. ಇದನ್ನು ಓದಿದಾಗಲೆಲ್ಲ ನನಗೆ ಆ ಮನೆಯ ಹೆಂಗಸಿನ ನೆನಪಾಗುತ್ತದೆ. ಗಂಡನಿಗೆ ಅಪ್ಸರೆ ಸಿಕ್ಕಳೆಂದರೆ ಆಕೆಗೆ ಯಾವ ಸಮಾಧಾನ? ಆ ಮಾತು ಊರಿಗೆ ಹೇಳಿದ್ದು, ಮುಂದೆ ಕತ್ತಿ ಹಿಡಿಯಬೇಕಾದವರಿಗೆ ಹೇಳಿದ್ದು. ಮನೆಯವರಿಗೆ ಕೊಡುತ್ತಿದ್ದುದು ಬೇರೆ. ಶಾಸನಗಳಲ್ಲಿ ಅದಕ್ಕೆ ನೆತ್ತರುಗೊಡಗೆ, ಬಾಳ್ಗಳ್ಚು, ಕಲ್ನಾಡು ಎಂಬ ಹೆಸರುಗಳಿವೆ. ನೆತ್ತರುಗೊಡಗೆ ಎಂದರೆ ಹರಿಸಿದ ರಕ್ತಕ್ಕಾಗಿ ಮನೆತನಕ್ಕೆ ಬಿಟ್ಟುಕೊಟ್ಟ ಭೂಮಿ. ಸತ್ತವನ ಮಕ್ಕಳು ಅದನ್ನು ಉತ್ತು ಬಿತ್ತಿ ಉಣ್ಣಬೇಕು. ಹೊಗಳಿಕೆಯೊಂದರಿಂದ ಮನೆ ನಡೆಯದೆಂಬುದು ಸಾವಿರ ವರ್ಷದ ಹಿಂದೆಯೇ ನಮ್ಮವರಿಗೆ ಗೊತ್ತಿತ್ತು.

ಈಗಿನ ಆಚರಣೆಗಳ ಬೇರು ಇತ್ತೀಚಿನದು. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಹತ್ತಿ ಮತ್ತು ಸಿಡಿಮದ್ದು ತುಂಬಿದ್ದ ‘ಫೋರ್ಟ್ ಸ್ಟಿಕೀನ್’ ಹಡಗಿಗೆ ಬೆಂಕಿ ಬಿತ್ತು. ಆರಿಸಲು ಹೋದ 66 ಅಗ್ನಿಶಾಮಕ ಸಿಬ್ಬಂದಿ ಸ್ಫೋಟದಲ್ಲಿ ಸತ್ತರು. ನಮ್ಮ ಧಾರವಾಡ ಸೀಮೆಯೂ ಆಗ ಅದೇ ಮುಂಬೈ ಪ್ರಾಂತ್ಯದಲ್ಲಿತ್ತು. ಪ್ರತಿ ವರ್ಷ ಏಪ್ರಿಲ್ 14ರಿಂದ ನಡೆಯುವ ಅಗ್ನಿಶಾಮಕ ಸೇವಾ ಸಪ್ತಾಹ ಅವರ ನೆನಪಿನದು. ಶಾಲೆ ಮಕ್ಕಳಿಗೆ ಸಿಲಿಂಡರ್ ಬೆಂಕಿ ಆರಿಸುವುದನ್ನು ತೋರಿಸುವ ದಿನಗಳೆಂದಷ್ಟೇ ಬಹಳ ಜನ ಅದನ್ನು ತಿಳಿದಿದ್ದಾರೆ.

ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನದ ಹಿಂದೆ ಲಡಾಖ್ ಇದೆ. 1959ರ ಆ ದಿನ ಹಾಟ್ ಸ್ಪ್ರಿಂಗ್ಸ್ ಬಳಿ ಕಾಣೆಯಾದ ಸಂಗಡಿಗರನ್ನು ಹುಡುಕುತ್ತ ಹೋದ ಪೊಲೀಸ್ ತಂಡದ ಮೇಲೆ ಚೀನಾ ಸೈನಿಕರು ಗುಂಡು ಹಾರಿಸಿದರು. 10 ಜನ ಸತ್ತರು. ಅವರ ದೇಹಗಳು ಕೈಗೆ ಸಿಕ್ಕಿದ್ದು ಮೂರು ವಾರದ ಮೇಲೆ, ನವೆಂಬರ್ 13ಕ್ಕೆ. ಸಾವಿನ ಸುದ್ದಿ ಬಂದರೂ ಮಣ್ಣು ಮಾಡಲು ದೇಹವಿಲ್ಲದ ಆ ಮೂರು ವಾರಗಳನ್ನು ಅವರ ಮನೆಗಳಲ್ಲಿ ಹೇಗೆ ಕಳೆದರೋ. ಮರುವರ್ಷ ಜನವರಿಯಲ್ಲಿ ರಾಜ್ಯಗಳ ಪೊಲೀಸ್ ಮುಖ್ಯಸ್ಥರು ಸೇರಿ ಆ ದಿನವನ್ನು ದೇಶದ ತುಂಬ ಆಚರಿಸಲು ತೀರ್ಮಾನಿಸಿದರು. 2018ರ ಅದೇ ದಿನ ದೆಹಲಿಯ ಚಾಣಕ್ಯಪುರಿಯಲ್ಲಿ ರಾಷ್ಟ್ರೀಯ ಪೊಲೀಸ್ ಸ್ಮಾರಕ ಉದ್ಘಾಟನೆಯಾಯಿತು. ಸ್ವಾತಂತ್ರ್ಯದ ನಂತರ ಅಷ್ಟರೊಳಗೆ ಕರ್ತವ್ಯದಲ್ಲಿ ಸತ್ತ ಪೊಲೀಸರು 34 ಸಾವಿರಕ್ಕೂ ಹೆಚ್ಚು. ಅರಣ್ಯ ಹುತಾತ್ಮರ ದಿನ ಸೆಪ್ಟೆಂಬರ್ 11. 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಮರಗಳನ್ನು ತಬ್ಬಿ ಪ್ರಾಣ ಕೊಟ್ಟ 363 ಬಿಷ್ಣೋಯಿಗಳ ನೆನಪು ಅದಕ್ಕೆ ಜೋಡಿಸಿಕೊಂಡಿದೆ. ಬೇಸಿಗೆಯಲ್ಲಿ ಗದಗ ಜಿಲ್ಲೆಯ ಕಪ್ಪತಗುಡ್ಡಕ್ಕೆ ಬೆಂಕಿ ಬಿದ್ದಾಗ ಹಸಿ ಟೊಂಗೆ ಹಿಡಿದು ಬಡಿಯುವವರು ಆ ಸಾಲಿನವರೇ.

ಹುಬ್ಬಳ್ಳಿಯ ಸಿಎಆರ್ (ನಗರ ಸಶಸ್ತ್ರ ಮೀಸಲು ಪೊಲೀಸ್ ಪಡೆ) ಮೈದಾನದಲ್ಲೋ ಧಾರವಾಡದ ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಮೈದಾನದಲ್ಲೋ ಅಕ್ಟೋಬರ್ 21ರ ಬೆಳಿಗ್ಗೆ ನಿಂತವರಿಗೆ ಆ ಗಳಿಗೆ ಗೊತ್ತು. ಬಂದೂಕುಗಳು ತಲೆಕೆಳಗಾಗುತ್ತವೆ. ಆ ವರ್ಷ ಸತ್ತವರ ಹೆಸರುಗಳನ್ನು ಓದುತ್ತಾರೆ. ಹೂವಿನ ಚಕ್ರ ಇಡುತ್ತಾರೆ. ಗಾಳಿಯಲ್ಲಿ ಮೂರು ಸುತ್ತು ಗುಂಡು ಹಾರಿದಾಗ ಗಿಡದಲ್ಲಿದ್ದ ಕಾಗೆಗಳೆಲ್ಲ ಒಮ್ಮೆಲೇ ಏಳುತ್ತವೆ, ಆಮೇಲೆ ಬಿಗುಲ್. ಇದು ಬೇಕು. ಮಗನ ಹೆಸರನ್ನು ಅಷ್ಟು ಜನರ ನಡುವೆ ಗಟ್ಟಿಯಾಗಿ ಓದಿದ್ದು ತಾಯಿಯೊಬ್ಬಳ ಎದೆಯಲ್ಲಿ ಉಳಿಯುತ್ತದೆ.

2016ರ ಫೆಬ್ರವರಿಯಲ್ಲಿ ಈ ಭಾಗದ ಜನರ ಅಂತಃಕರಣ ಎಷ್ಟು ದೊಡ್ಡದೆಂದು ಎಲ್ಲರೂ ಕಂಡರು. ಸಿಯಾಚಿನ್ ಹಿಮದಡಿ ಆರು ದಿನ ಇದ್ದು ಬದುಕಿ ಬಂದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಫೆಬ್ರವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ಅವರು ಸೈನಿಕರು, ಈ ಲೇಖನದ ಸಾಲಿಗೆ ನೇರ ಸೇರಿದವರಲ್ಲ. ಆದರೆ ಹುಬ್ಬಳ್ಳಿಯಿಂದ ಕುಂದಗೋಳ ತಾಲ್ಲೂಕಿನ ಬೆಟದೂರಿನವರೆಗೆ ನಿಂತ ಜನ ಆ ಮನೆಯವರ ದುಃಖವನ್ನು ತಮ್ಮದು ಮಾಡಿಕೊಂಡಿದ್ದರು.

ಜನ ಮನೆಗೆ ಮರಳಿದ ಮೇಲೆ ಏನಾಗುತ್ತದೆ ಎಂಬುದನ್ನು ನಾನು ಬೇರೊಂದು ಮನೆಯಲ್ಲಿ ಹತ್ತಿರದಿಂದ ನೋಡಿದ್ದೇನೆ. ರಾತ್ರಿ ಬಂದೋಬಸ್ತ್‌ಗೆ ಹೋದ ಪೇದೆ ರಸ್ತೆಯಲ್ಲಿ ಲಾರಿ ಬಡಿದು ತೀರಿಕೊಂಡಿದ್ದ. ಮೊದಲ ಮೂರು ದಿನ ಆ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಓಣಿಯವರು ಬುಟ್ಟಿಗಟ್ಟಲೆ ರೊಟ್ಟಿ, ಜುಣಕ ತಂದರು. ಮಾತಾಡಿಸಲು ಬಂದವರೆಲ್ಲ ‘ಧೈರ್ಯಾ ತಗೋಬೇಕವಾ, ಹುಡುಗರ ಮಾರಿ ನೋಡಿ ಗಟ್ಟಿ ಆಗಬೇಕು’ ಎಂದರು. ಆಕೆ ಹೂಂ ಎಂದಳು. ಅಳಲು ಯಾರೂ ಬಿಡಲಿಲ್ಲ. ಗೂಟಕ್ಕೆ ಅವನ ಖಾಕಿ ಅಂಗಿ ಇನ್ನೂ ನೇತಾಡುತ್ತಿತ್ತು. ಒಗೆಯಲು ತೆಗೆದ ನಾದಿನಿಯ ಕೈಯಿಂದ ಅದನ್ನು ಕಸಿದುಕೊಂಡು ಮತ್ತೆ ಅಲ್ಲೇ ಹಾಕಿದಳು.

ಆ ಮನೆಯ ಕಟ್ಟೆಯ ಮೇಲೆ ಅವನ ಠಾಣೆಯ ವಯಸ್ಸಾದ ಹವಾಲ್ದಾರರೊಬ್ಬರು ದಿನಾ ಬಂದು ಕೂಡುತ್ತಿದ್ದರು. ಮಾತಿಲ್ಲ. ಚಹಾ ಕೊಟ್ಟರೆ ಕುಡಿಯುವರು. ದಿನಕರ್ಮ ಮುಗಿದು ನಂಟರು ಊರಿಗೆ ಹೋದ ಮರುದಿನ ಅವರು ಪ್ಲಾಸ್ಟಿಕ್ ಚೀಲವೊಂದನ್ನು ತಂದರು. ‘ತಂಗೀ, ಇದರಾಗ ಎಲ್ಲಾ ಕಾಗದ ಒಂದ್ಕಡೆ ಇಡು. ಯಾರ ಕೇಳಿದ್ರೂ ಅಸಲ್ ಕೊಡಬ್ಯಾಡ, ಝರಾಕ್ಸ್ ಕೊಡು’ ಎಂದರು. ಮರಣ ಪ್ರಮಾಣಪತ್ರ, ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆ ವರದಿ, ವಂಶಾವಳಿ. ಗಂಡನ ಸೇವಾ ಪುಸ್ತಕದಲ್ಲಿ ಆಕೆಯ ಹೆಸರಿನ ತುದಿಗೆ ‘ವ್ವ’ ಇತ್ತು, ಆಧಾರ್‌ನಲ್ಲಿ ‘ಮ್ಮ’. ಆ ಒಂದು ಅಕ್ಷರಕ್ಕಾಗಿ ಅಫಿಡವಿಟ್ಟು, ಮತ್ತೆ ಕಚೇರಿ, ಮತ್ತೆ ‘ನಾಳೆ ಬರ್ರಿ’. ಪ್ರತಿ ಸಲವೂ ಆಕೆ ಕೌಂಟರಿನ ಮುಂದೆ ನಿಂತು ಗಂಡ ಸತ್ತದ್ದನ್ನು ಮೊದಲಿಂದ ಹೇಳಬೇಕಿತ್ತು. ನನ್ನ ಮಟ್ಟಿಗೆ ಸಾಂತ್ವನವೆಂದರೆ ಆಕೆಯ ಬದಲು ಆ ಮಾತನ್ನು ಹವಾಲ್ದಾರರು ಹೇಳಿದ್ದು.

ನಮ್ಮ ಕಾಲದ ನೆತ್ತರುಗೊಡಗೆ ಅನುಕಂಪದ ನೌಕರಿ, ಅಂದರೆ ಸೇವೆಯಲ್ಲಿರುವಾಗಲೇ ಸತ್ತ ಸರ್ಕಾರಿ ನೌಕರನ ಮನೆಯವರೊಬ್ಬರಿಗೆ ಕೊಡುವ ಕೆಲಸ. ರಾಜ್ಯದಲ್ಲಿ ಅದಕ್ಕೆ 1996ರ ನಿಯಮಗಳಿವೆ. ಈ ನೌಕರಿ ವಾರಸುದಾರಿಕೆಯ ಹಕ್ಕಲ್ಲ, ದಿಢೀರನೆ ಬಂದ ಕಷ್ಟ ದಾಟಲು ಆಸರೆ ಎಂದು ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿತ್ತು. ಹಾಗಿದ್ದರೂ ಬಹಳ ವರ್ಷ ಮದುವೆಯಾದ ಮಗಳಿಗೆ ಆ ಆಸರೆ ಇರಲಿಲ್ಲ. ಮಗನಿಗೆ ಮದುವೆಯಾಗಿದ್ದರೆ ಅಡ್ಡಿಯಿರಲಿಲ್ಲ. ಅಂಥ ಮಗಳೊಬ್ಬಳು ಕೋರ್ಟಿಗೆ ಹೋದಳು. 2020ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಈ ಭೇದ ಸಂವಿಧಾನಕ್ಕೆ ವಿರುದ್ಧ ಎಂದಿತು, ಮರುವರ್ಷ ನಿಯಮ ಬದಲಾಯಿತು. ಪೊಲೀಸರಿಗೆ ಇದರ ಜೊತೆ ಕಲ್ಯಾಣ ನಿಧಿಯಿದೆ. ಏಪ್ರಿಲ್ 2ರ ಧ್ವಜ ದಿನ ಅಂಗಿಗೆ ಚುಚ್ಚುವ ಆ ಪುಟ್ಟ ಧ್ವಜದ ದುಡ್ಡೂ ಪೊಲೀಸ್ ಕುಟುಂಬಗಳ ನೆರವಿಗೇ ಹೋಗುತ್ತದೆ.

ಆದರೆ ಇಷ್ಟೂ ಸೇವಾ ಪುಸ್ತಕ ಇದ್ದವರಿಗೆ. 2008ರ ನವೆಂಬರ್ 1ರಿಂದ ನಮ್ಮ ರಸ್ತೆಗಳಲ್ಲಿ ಓಡುತ್ತಿರುವ 108 ಆಂಬುಲೆನ್ಸ್‌ಗಳ ಚಾಲಕರು, ನರ್ಸ್‌ಗಳು ಸರ್ಕಾರಿ ನೌಕರರಲ್ಲ. ಆಶಾ ಕಾರ್ಯಕರ್ತೆ ಗೌರವಧನದವಳು. ಗುಡ್ಡ ಕಾಯುವ ದಿನಗೂಲಿಯವನೂ ಅನುಕಂಪದ ನಿಯಮದ ಹೊರಗೆ. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಕೋವಿಡ್ ಕೆಲಸದಲ್ಲಿದ್ದ ಆರೋಗ್ಯ ಸಿಬ್ಬಂದಿಗೆ 50 ಲಕ್ಷ ರೂಪಾಯಿ ವಿಮೆ ಪ್ರಕಟಿಸಿದಾಗ ಆಶಾಗಳನ್ನೂ ವೈದ್ಯರ ಸಮಕ್ಕೆ ಸೇರಿಸಿತ್ತು. ಅದು ಕೋವಿಡ್‌ಗಷ್ಟೇ ಆಯಿತು. ಉಳಿದ ಕಾಲಕ್ಕೆ ಅವರ ಮನೆಯವರ ಪಾಲಿಗೆ ಬಹುಮಟ್ಟಿಗೆ ಉಳಿಯುವುದು ಅರ್ಜಿ ಮತ್ತು ವಿಚಾರಣೆ. ಇವರಲ್ಲಿ ಸತ್ತವರ ಹೆಸರನ್ನು ಮೈದಾನದಲ್ಲಿ ಯಾರೂ ಓದುವುದಿಲ್ಲ. ಇದು ನನಗೆ ಸಹಿಸಲಾಗದ ಅನ್ಯಾಯ. ದನ ಬಿಡಿಸಲು ಹೋಗಿ ಸತ್ತವನಿಗೆ ಕಲ್ಲು ನಿಲ್ಲಿಸುವಾಗ ಇವನು ಕಾಯಂ ನೌಕರನೋ ಗುತ್ತಿಗೆಯವನೋ ಎಂದು ಕೇಳಿರಲಾರರು.

ಮನಸ್ಸಿನ ಗಾಯಕ್ಕೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 1845ರಷ್ಟು ಹಿಂದೆ ಶುರುವಾದ ಆಸ್ಪತ್ರೆ. ‘ಹುಚ್ಚರ ದವಾಖಾನಿ’ ಎಂಬ ಹಳೆಯ ಹೆಸರಿಗೆ ಅಂಜಿ, ನಿದ್ದೆಯಿಲ್ಲದೆ ತಿಂಗಳುಗಟ್ಟಲೆ ಕಳೆಯುವವರೂ ಅತ್ತ ಹೋಗುವುದಿಲ್ಲ. ಅಮೆರಿಕದಲ್ಲಿ 1984ರಲ್ಲಿ ಕರ್ತವ್ಯದಲ್ಲಿ ಸತ್ತ ಪೊಲೀಸರ ಕುಟುಂಬದವರೇ ಸೇರಿ ಒಂದು ಸಂಘ ಕಟ್ಟಿದರು. ಮೊದಲೇ ಗಂಡನನ್ನು ಕಳೆದುಕೊಂಡವಳು ಹೊಸದಾಗಿ ಕಳೆದುಕೊಂಡವಳ ಪಕ್ಕ ಬಂದು ಕೂಡುವುದು ಅದರ ತಿರುಳು. ಇದು ನಮಗೆ ಹೊಸದೇನಲ್ಲ, ನಮ್ಮ ಓಣಿಗಳಲ್ಲಿ ಹಿರಿಯ ಹೆಂಗಸರು ಮಾಡುತ್ತ ಬಂದದ್ದೇ. ಪೊಲೀಸ್ ವಸತಿಗೃಹ ಬಿಟ್ಟು ತವರಿಗೆ ಹೋದವಳಿಗೆ ಅಂಥ ಜೊತೆ ತಪ್ಪುತ್ತದೆ.

ಆ ಹವಾಲ್ದಾರರು ಈಗ ನಿವೃತ್ತರು. ಅಕ್ಟೋಬರ್ 21ಕ್ಕೆ ಆಕೆಗೆ ಮೈದಾನದ ಮುಂದಿನ ಸಾಲಿನಲ್ಲಿ ಕುರ್ಚಿ ಇಡುವವರು ಬೇರೆ ಇದ್ದಾರೆ. ಇವರು ಬರುವುದು ನವೆಂಬರ್‌ನಲ್ಲಿ, ಪಿಂಚಣಿಯ ಜೀವಂತ ಪ್ರಮಾಣಪತ್ರ ಕೊಡುವ ದಿನ. ಹೋದ ವರ್ಷ ನಾನೂ ಅಲ್ಲಿದ್ದೆ. ಹೊಸಿಲ ಹೊರಗೆ ಚಪ್ಪಲಿ ಬಿಡುತ್ತ ಅವರು ಕೇಳಿದ್ದು ಇಷ್ಟೇ: ‘ಚೀಲಾ ಎಲ್ಲೈತಿ ತಂಗೀ?’ ಖಾಕಿ ಅಂಗಿ ನೇತಾಡುತ್ತಿದ್ದ ಗೂಟಕ್ಕೇ ಈಗ ಆ ಚೀಲ ಹಾಕಿತ್ತು. ಆಕೆ ತೆಗೆದುಕೊಂಡು ಹೊರಟಳು.