ತೊಟ್ಟಿಕ್ಕದ ಪೈಪೇ ಗಾಳಿ ಎಳೆಯುತ್ತದೆ

ಕಾರವಾರದಲ್ಲಿ ಸಮುದ್ರದ ನೀರಿಗೇನು ಬರ? ಮನೆಯಲ್ಲೊಂದು ಉಪ್ಪುನೀರಿನ ಅಕ್ವೇರಿಯಂ ಇಡಬೇಕೆಂಬ ಆಸೆ ಇಲ್ಲಿ ಸುಲಭವಾಗಿ ಹುಟ್ಟುತ್ತದೆ. (ಮಳೆಗಾಲದಲ್ಲಿ ಮಾತ್ರ ಕೋಡಿಬಾಗದ ಕಡೆಯ ನೀರು ಬೇಡ. ಕಾಳಿ ನದಿ ತುಂಬಿ ಬಂದು ಸೇರುವಾಗ ಅಲ್ಲಿ ಉಪ್ಪು ತೀರಾ ಇಳಿದಿರುತ್ತದೆ.) ಟ್ಯಾಂಕ್ ಕೂರಿಸಿ, ಪಂಪ್ ಹಾಕಿದ ಮೇಲೆ ಒಂದು ಕಿರಿಕಿರಿ ಶುರುವಾಗುತ್ತದೆ. ನೀರು ಮಬ್ಬುಮಬ್ಬು. ಫಿಲ್ಟರ್ ತೊಳೆದರೂ ಹೋಗುವುದಿಲ್ಲ. ಗಾಜಿಗೆ ಟಾರ್ಚ್ ಹಿಡಿದರೆ ಗುಟ್ಟು ರಟ್ಟಾಗುತ್ತದೆ: ಕೊಳೆಯಲ್ಲ, ಕಣ್ಣಿಗೆ ಕಂಡೂ ಕಾಣದಂಥ ಗಾಳಿಗುಳ್ಳೆಗಳು.

ಸಿಹಿನೀರಿನ ಟ್ಯಾಂಕಿನಲ್ಲಿ ಈ ಕಾಟ ಇಷ್ಟಿರುವುದಿಲ್ಲ. ಯಾಕೆ ಅಂತ ಮನೆಯಲ್ಲೇ ನೋಡಬಹುದು. ಒಂದು ಗಾಜಿನ ಪಾತ್ರೆಯಲ್ಲಿ ಬಾವಿ ನೀರು, ಇನ್ನೊಂದರಲ್ಲಿ ಸಮುದ್ರದ ನೀರು. ಎರಡಕ್ಕೂ ಒಂದೇ ಥರದ ಏರ್ ಸ್ಟೋನ್ (ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ತೂತುತೂತು ಕಲ್ಲು) ಬಿಡಿ. ಬಾವಿ ನೀರಲ್ಲಿ ಗುಳ್ಳೆಗಳು ಒಂದಕ್ಕೊಂದು ತಾಗಿ, ಕೂಡಿ, ದಪ್ಪಗಾಗಿ ಬುಳುಬುಳು ಎಂದು ಮೇಲೆ ಬಂದು ಒಡೆಯುತ್ತವೆ. ಸಮುದ್ರದ ನೀರಲ್ಲಿ ತಾಗಿದರೂ ಕೂಡುವುದಿಲ್ಲ. ಸಣ್ಣದು ಸಣ್ಣದಾಗಿಯೇ ಉಳಿದು ಪಾತ್ರೆಯೆಲ್ಲ ಬೆಳ್ಳಗಾಗುತ್ತದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನ ಮಹಿಮೆ ಇದು. ಎಲ್ಲ ಲವಣಗಳೂ ಹೀಗೆ ಮಾಡುವುದಿಲ್ಲ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 1993ರಲ್ಲಿ ತೋರಿಸಿದರು. ಕಾರಣ ಏನೆಂಬ ಚರ್ಚೆ ಇನ್ನೂ ನಡೆದೇ ಇದೆ. ಮೀನಿನ ಹೊಲಸನ್ನು ನೊರೆಯಲ್ಲಿ ಎತ್ತಿ ಹಾಕುವ ಪ್ರೋಟೀನ್ ಸ್ಕಿಮ್ಮರ್ ನಡೆಯುವುದೂ ಇದೇ ಗುಣದಿಂದ. ಹಾಗಾಗಿ ಗುಳ್ಳೆಯನ್ನು ಪೂರ್ತಿ ಬೈಯುವ ಹಾಗೂ ಇಲ್ಲ.

ಸಣ್ಣ ಗುಳ್ಳೆಯ ತೊಂದರೆ ಅದರ ನಿಧಾನ. ಅಗಲ ಅರ್ಧವಾದರೆ ಏರುವ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. 0.1 ಮಿ.ಮೀ. ಗುಳ್ಳೆ ಸೆಕೆಂಡಿಗೆ ಸುಮಾರು 5 ಮಿ.ಮೀ. ಮಾತ್ರ ಏರುತ್ತದೆ. ಟ್ಯಾಂಕಿನ ನೀರು ಇಳಿದು ಬಂದು ಪಂಪಿನಿಂದ ಮತ್ತೆ ಮೇಲೇರುವ ಕೆಳಗಿನ ತೊಟ್ಟಿ, ಅಂದರೆ ಸಂಪ್‌ನಲ್ಲಿ ಅಡ್ಡಗಾಜುಗಳನ್ನು ನಿಲ್ಲಿಸುವುದು ಗುಳ್ಳೆಗೆ ಮೇಲೇರಲು ಸಮಯ ಸಿಗಲೆಂದೇ. ಆದರೆ ಗಾಜುಗಳ ನಡುವೆ ನೀರು ಅದಕ್ಕಿಂತ ಜೋರಾಗಿ ಇಳಿದರೆ ಗುಳ್ಳೆಯೂ ಜೊತೆಗೇ ಹೊರಟುಬಿಡುತ್ತದೆ. ಗಾಜಿನ ಸಂಖ್ಯೆ ಹೆಚ್ಚಿಸಿ ಪ್ರಯೋಜನ ಕಡಿಮೆ. ನಡುವಿನ ಜಾಗ ಅಗಲ ಮಾಡಿ.

ಅದಕ್ಕಿಂತ ಒಳ್ಳೆಯದು ಗುಳ್ಳೆ ಹುಟ್ಟುವ ಜಾಗ ಹುಡುಕುವುದು. ಪಂಪ್ ಸಂಪ್‌ನ ಹೊರಗಿದ್ದರೆ ನನ್ನ ಮೊದಲ ಅನುಮಾನ ಅದರ ಬಾಯಿಗೆ ನೀರು ತರುವ ಪೈಪಿನ ಮೇಲೆ. ಪಂಪಿನಿಂದ ಮುಂದಿನ ಪೈಪಿನಲ್ಲಿ ಬಿರುಕಿದ್ದರೆ ನೆಲ ಒದ್ದೆಯಾಗುತ್ತದೆ, ಗೊತ್ತಾಗುತ್ತದೆ. ಹಿಂದಿನ ಪೈಪಿನದು ಬೇರೆ ಕಥೆ. ಸೀಳಿದ ಸ್ಟ್ರಾದಲ್ಲಿ ಎಳನೀರು ಹೀರಿದಂತೆ, ನೀರು ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಪಂಪಿನ ರೆಕ್ಕೆ ಆ ಗಾಳಿಯನ್ನು ಪುಡಿಪುಡಿ ಮಾಡುತ್ತದೆ. ಅದರಲ್ಲಿ ಒಂದಷ್ಟು ಒತ್ತಡಕ್ಕೆ ನೀರಿನಲ್ಲೇ ಕರಗುತ್ತದೆ. ಹಾಗೆ ಕರಗಿದ ಗಾಳಿ ಅತಿಯಾದರೆ ಮೀನಿನ ರಕ್ತದಲ್ಲೇ ಗುಳ್ಳೆ ಏಳಬಹುದು. ಮೀನುಮರಿ ಸಾಕುವ ಹ್ಯಾಚರಿಗಳಲ್ಲಿ ಇದು ಹಳೆಯ ಪರಿಚಿತ ರೋಗ.

ಪರೀಕ್ಷೆ ಸುಲಭ. ಪಂಪ್ ಓಡುತ್ತಿರುವಾಗಲೇ ಟ್ಯಾಂಕಿನ ನೀರಲ್ಲಿ ಅದ್ದಿದ ಬಟ್ಟೆಯನ್ನು ಒಂದೊಂದೇ ಜಾಯಿಂಟಿಗೆ ಸುತ್ತಿ. ಯಾವುದನ್ನು ಸುತ್ತಿದಾಗ ಮಬ್ಬು ತಗ್ಗುತ್ತದೋ ಅದೇ ಕಳ್ಳ. ಸೋಪಿನ ನೊರೆ ಮಾತ್ರ ಹಚ್ಚಬೇಡಿ, ಅದೂ ಒಳಗೆ ಎಳೆದುಕೊಂಡು ಹೋಗುತ್ತದೆ. ಚೂಡಿ (ತಿರುಪು) ಇರುವ ಜಾಯಿಂಟಾದರೆ ಬಿಚ್ಚಿ ಹೊಸ ಟೆಫ್ಲಾನ್ ಟೇಪ್ ಸುತ್ತಿ. ಸಲ್ಯೂಷನ್ ಹಾಕಿ ಅಂಟಿಸಿದ್ದಾದರೆ ಕತ್ತರಿಸಿ ಹೊಸದು ಕೂಡಿಸುವುದೇ ದಾರಿ.

ಇನ್ನು ಮೇಲಿಂದ ಸಂಪ್‌ಗೆ ಇಳಿಯುವ ಪೈಪ್. ಅದು ಗಳಗಳ ಸದ್ದು ಮಾಡುತ್ತಿದೆ ಅಂದರೆ ಗಾಳಿಯನ್ನೂ ತರುತ್ತಿದೆ ಅಂತಲೇ ಅರ್ಥ. ಗೇಟ್ ವಾಲ್ವ್ ಸ್ವಲ್ಪ ಸ್ವಲ್ಪವೇ ಮುಚ್ಚುತ್ತ ಬಂದರೆ ಪೈಪ್ ಪೂರ್ತಿ ನೀರು ತುಂಬಿ ಸದ್ದಡಗುತ್ತದೆ. ಹೀಗೆ ಮಾಡುವವರು ಪಕ್ಕದಲ್ಲಿ ಇನ್ನೊಂದು ಖಾಲಿ ಪೈಪ್ ಇಟ್ಟಿರಲೇಬೇಕು, ಇಲ್ಲದಿದ್ದರೆ ಒಂದು ಕಸ ಸಿಕ್ಕಿದರೂ ನೀರೆಲ್ಲ ಹಾಲ್ ತುಂಬಾ.

ಹೊಸ ಪೈಪ್, ಹೊಸ ಗಾಜಾದರೆ ಕೆಲವು ದಿನ ತಡೆಯಿರಿ. ಒಳಮೈಗೆ ತೆಳುವಾದ ಲೋಳೆ ಕಟ್ಟಿದ ಮೇಲೆ ಗುಳ್ಳೆ ಅಂಟುವುದು ತಾನೇ ಕಡಿಮೆಯಾಗುತ್ತದೆ. ಹಳೆಯ ಟ್ಯಾಂಕಿನಲ್ಲಿ ಇದ್ದಕ್ಕಿದ್ದ ಹಾಗೆ ಮಬ್ಬು ಬಂದರೆ ಸಂಪ್‌ನ ನೀರಿನ ಮಟ್ಟ ನೋಡಿ. ಆವಿಯಾಗಿ ಇಳಿದಿದ್ದರೆ ಪಂಪಿನ ಮೇಲೆ ಸುಳಿ ಎದ್ದು ಗಾಳಿ ಎಳೆಯುತ್ತಿರುತ್ತದೆ. ತುಂಬಿಸುವಾಗ ಸಿಹಿನೀರೇ ಹಾಕಿ. ಆವಿಯಾಗಿದ್ದು ನೀರು ಮಾತ್ರ, ಉಪ್ಪು ಅಲ್ಲೇ ಇದೆ.