ನೆಪೋಲಿಯನ್: ರಾಜನ ತಲೆ ತೆಗೆದವರು ಸಾಮ್ರಾಟನನ್ನು ಒಪ್ಪಿದ್ದು ಹೇಗೆ?

1793ರ ಜನವರಿಯಲ್ಲಿ ಫ್ರೆಂಚರು ಹದಿನಾರನೇ ಲೂಯಿಯ ತಲೆ ತೆಗೆದರು. 1804ರ ಡಿಸೆಂಬರ್ 2ರಂದು ಅದೇ ಪ್ಯಾರಿಸ್ಸಿನಲ್ಲಿ ನೆಪೋಲಿಯನ್ ಎಂಬ ಸೇನಾನಿ ಸಾಮ್ರಾಟನಾಗಿ ಕಿರೀಟ ತೊಟ್ಟ. ನಡುವೆ ಹನ್ನೆರಡು ವರ್ಷವೂ ಇಲ್ಲ. ಯುದ್ಧಗಳ ಇಸವಿ ಉರು ಹೊಡೆದರೆ ಬರುತ್ತದೆ, ಈ ನಡುವಿನ ಗಂಟು ಹಾಗೆ ಬಿಚ್ಚುವುದಿಲ್ಲ. ಅದಕ್ಕೇ ಈ ಟಿಪ್ಪಣಿಯ ಅರ್ಧದಷ್ಟು ಜಾಗ ಅದಕ್ಕೇ ಹೋಗಿದೆ.

ಮೊದಲ ಭಾಗ ಬೇಗ ಮುಗಿಸೋಣ. ಹುಟ್ಟಿದ್ದು 1769, ಕಾರ್ಸಿಕಾ ದ್ವೀಪ. ಓದಿದ್ದು ಸೈನಿಕ ಶಾಲೆಯಲ್ಲಿ, ಸೇರಿದ್ದು ಫಿರಂಗಿ ದಳಕ್ಕೆ. 1793ರಲ್ಲಿ ಟೂಲಾನ್ ಬಂದರನ್ನು ಬ್ರಿಟಿಷರಿಂದ ಬಿಡಿಸಿಕೊಂಡಾಗ ಫಿರಂಗಿ ಎಲ್ಲಿಡಬೇಕೆಂದು ಸರಿಯಾಗಿ ಗುರುತಿಸಿದವನು ಇವನೇ. 24ನೇ ವಯಸ್ಸಿಗೆ ಬ್ರಿಗೇಡಿಯರ್ ಜನರಲ್. ಹಳೆಯ ವ್ಯವಸ್ಥೆಯಲ್ಲಿ ದೊಡ್ಡ ಹುದ್ದೆಗಳು ದೊಡ್ಡ ಮನೆತನಗಳಿಗೇ ಹೋಗುತ್ತಿದ್ದವು. ಕ್ರಾಂತಿಯಾಗದಿದ್ದರೆ ಈ ಬಡ್ತಿ ಕನಸಿನ ಮಾತು.

ಈಗ ಗಂಟಿಗೆ ಬರೋಣ: ಡೈರೆಕ್ಟರಿ ಎಂಬ ಐವರ ಸರ್ಕಾರ, 1795ರಿಂದ 1799.

ಕ್ರಾಂತಿಯ ನಾಯಕ ರೋಬೆಸ್ಪಿಯರ್‌ನ ಭೀತಿಯ ಆಳ್ವಿಕೆ ಮುಗಿದ ಮೇಲೆ ಎಲ್ಲರ ಚಿಂತೆ ಒಂದೇ: ಇನ್ನೊಬ್ಬ ಸರ್ವಾಧಿಕಾರಿ ಏಳಬಾರದು. ಅದಕ್ಕಾಗಿ ಹೊಸ ಸಂವಿಧಾನದಲ್ಲಿ ಅಧಿಕಾರವನ್ನು ಚೂರುಚೂರು ಮಾಡಿ ಹಂಚಿದರು. ಶಾಸಕಾಂಗಕ್ಕೆ ಎರಡು ಸದನ: ಐನೂರು ಮಂದಿಯದೊಂದು, 250 ಹಿರಿಯರದೊಂದು. ಕಾರ್ಯಾಂಗಕ್ಕೆ ಐವರು ಡೈರೆಕ್ಟರುಗಳು. ಪ್ರತಿ ವರ್ಷ ಸದನಗಳ ಮೂರನೇ ಒಂದು ಭಾಗಕ್ಕೆ ಚುನಾವಣೆ, ಒಬ್ಬ ಡೈರೆಕ್ಟರ್ ಬದಲಾವಣೆ.

ಇಲ್ಲಿ ನಿಂತು ಒಂದು ಪ್ರಶ್ನೆ ಕೇಳಿಕೊಳ್ಳಿ. ಡೈರೆಕ್ಟರುಗಳಿಗೂ ಸದನಕ್ಕೂ ಜಗಳ ಬಂದರೆ ತೀರ್ಮಾನ ಯಾರದು? ಡೈರೆಕ್ಟರುಗಳು ಸದನವನ್ನು ವಿಸರ್ಜಿಸುವಂತಿಲ್ಲ, ಮಸೂದೆ ತಡೆಯುವಂತಿಲ್ಲ. ಸದನ ಬರೀ ಅವಿಶ್ವಾಸದಿಂದ ಡೈರೆಕ್ಟರುಗಳನ್ನು ಇಳಿಸುವಂತಿಲ್ಲ. ಸಂವಿಧಾನವನ್ನೇ ತಿದ್ದೋಣವೆಂದರೆ ಒಂದೇ ಪ್ರಸ್ತಾವ ಮೂರು ಸಲ, ಮೂರು ಮೂರು ವರ್ಷಗಳ ಅಂತರದಲ್ಲಿ ಪಾಸಾಗಬೇಕು. ಈ ಮೂರೂ ಒಂಬತ್ತು ವರ್ಷಗಳ ಅವಧಿಯಲ್ಲಿ ನಡೆಯಬೇಕು! ಅಂದರೆ ಜಗಳ ಬಂದರೆ ಕಾನೂನಿನೊಳಗೆ ದಾರಿಯೇ ಇಲ್ಲ. ಉಳಿಯುವುದು ಕಾನೂನಿನ ಹೊರಗಿನ ದಾರಿ, ಅದು ಸೈನ್ಯ.

ಈ ಒಂದು ಮಾತು ತಲೆಗೆ ಹೋದರೆ ಮುಂದಿನದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. 1797ರ ಚುನಾವಣೆಯಲ್ಲಿ ರಾಜಪಕ್ಷದವರು ಗೆದ್ದರು; ಮೂವರು ಡೈರೆಕ್ಟರುಗಳು ಸೈನ್ಯ ಕರೆಸಿ ಫಲಿತಾಂಶ ರದ್ದು ಮಾಡಿಸಿದರು. ಆಗ ಪ್ಯಾರಿಸ್ಸಿಗೆ ಜನರಲ್ ಓಜಿರೋನನ್ನು ಕಳಿಸಿದ್ದು ಇಟಲಿಯಲ್ಲಿದ್ದ ನೆಪೋಲಿಯನ್ನನೇ. 1798ರಲ್ಲಿ ಕ್ರಾಂತಿಯ ಉಗ್ರಪಂಥದವರಾದ ಜಾಕೊಬಿನ್ನರು ಗೆದ್ದರು; ಆ ಸ್ಥಾನಗಳೂ ರದ್ದು. 1799ರ ಜೂನ್‌ನಲ್ಲಿ ಸದನಗಳು ತಿರುಗಿಬಿದ್ದು ಡೈರೆಕ್ಟರುಗಳನ್ನೇ ಬಲವಂತವಾಗಿ ಹೊರಹಾಕಿದವು. ಮೂರು ವರ್ಷ, ಮೂರು ಉಲ್ಲಂಘನೆ. ಜೊತೆಗೆ ಬೊಕ್ಕಸ ಬರಿದಾಗಿ, ಇಟಲಿಯಿಂದ ಸೇನಾನಿಗಳು ಕಳಿಸುವ ಹಣಕ್ಕೆ ಸರ್ಕಾರವೇ ಕೈಚಾಚುತ್ತಿತ್ತು. ಹಣ ಕಳಿಸುವವನಿಗೆ ಆಜ್ಞೆ ಮಾಡುವುದು ಹೇಗೆ?

ಆ ಹೊತ್ತಿಗೆ ನೆಪೋಲಿಯನ್ ಈಜಿಪ್ಟಿನಲ್ಲಿದ್ದ. ಬ್ರಿಟಿಷ್ ನೌಕಾಧಿಪತಿ ನೆಲ್ಸನ್ ಅವನ ನೌಕಾಪಡೆಯನ್ನು 1798ರ ಆಗಸ್ಟಿನಲ್ಲೇ ಮುಗಿಸಿದ್ದ. 1799ರ ಜನವರಿಯಲ್ಲಿ ಕೈರೋದಿಂದ ನಮ್ಮ ಟಿಪ್ಪು ಸುಲ್ತಾನನಿಗೆ ಪತ್ರ ಬರೆದದ್ದು ಇಲ್ಲಿಂದಲೇ. ಪತ್ರ ಬ್ರಿಟಿಷರ ಕೈಗೆ ಸಿಕ್ಕಿತು, ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅಕ್ಟೋಬರಿನಲ್ಲಿ ಸೈನ್ಯವನ್ನು ಈಜಿಪ್ಟಿನಲ್ಲೇ ಬಿಟ್ಟು ಅವನು ಫ್ರಾನ್ಸಿಗೆ ಮರಳಿದ.

ಡೈರೆಕ್ಟರ್ ಸಿಯೆಸ್‌ಗೆ ಸಂವಿಧಾನ ಬದಲಿಸಲು ಒಬ್ಬ ಸೇನಾನಿ ಬೇಕಿತ್ತು. ಜಾಕೊಬಿನ್ನರ ಪಿತೂರಿಯ ನೆಪ ಹೇಳಿ ಸದನಗಳನ್ನು ಪ್ಯಾರಿಸ್ಸಿನ ಹೊರಗಿನ ಸೇಂಟ್ ಕ್ಲೌಡ್ ಅರಮನೆಗೆ ಸಾಗಿಸಿದರು. ನವೆಂಬರ್ 10ರಂದು ನೆಪೋಲಿಯನ್ ಐನೂರರ ಸದನಕ್ಕೆ ನುಗ್ಗಿದಾಗ ಸದಸ್ಯರು ಅವನನ್ನು ಎಳೆದಾಡಿ, ಕಾನೂನುಬಾಹಿರನೆಂದು ಘೋಷಿಸಿ ಎಂದು ಕೂಗಿದರು. ಮಾತು ತೊದಲಿ, ಅವನನ್ನು ಸೈನಿಕರೇ ಹೊರಗೆ ತಂದರು. ಆಟ ಉಳಿಸಿದ್ದು ತಮ್ಮ ಲೂಸಿಯನ್. ಅವನು ಆ ಸದನದ ಅಧ್ಯಕ್ಷ. ಕೆಲವರು ಕಠಾರಿ ಹಿಡಿದು ಸದನವನ್ನು ಬೆದರಿಸುತ್ತಿದ್ದಾರೆ ಎಂದು ಸೈನಿಕರಿಗೆ ಹೇಳಿದ. ಅಧ್ಯಕ್ಷನೇ ಕರೆದನಲ್ಲ, ಒಳಗೆ ಹೋಗುವುದು ಕಾನೂನಿನ ರಕ್ಷಣೆಯೆಂದು ಅವರಿಗೆ ಕಂಡಿತು. ಸೇನಾನಿ ಮ್ಯೂರಾ ನುಗ್ಗಿ ಸಭಾಂಗಣ ಖಾಲಿ ಮಾಡಿಸಿದ. ರಾತ್ರಿ ಉಳಿದ ಕೆಲವೇ ಸದಸ್ಯರಿಂದ ಮೂವರು ಕಾನ್ಸಲ್‌ಗಳ (ಆಡಳಿತ ಮುಖ್ಯಸ್ಥರ) ಸರ್ಕಾರಕ್ಕೆ ಒಪ್ಪಿಗೆ ಪಡೆದರು. ಕ್ಷಿಪ್ರಕ್ರಾಂತಿಗೂ ಮತದ ಮುದ್ರೆ ಬೇಕಿತ್ತು ಎಂಬುದನ್ನು ಗುರುತು ಹಾಕಿಕೊಳ್ಳಿ; ಮುಂದೆಯೂ ಅವನ ವರಸೆ ಇದೇ.

ಇಲ್ಲಿಂದ ನನ್ನ ಸುಲಭ ಸೂತ್ರ: ಹತ್ತು ವರ್ಷ, ಜೀವಮಾನ, ವಂಶ. 1799ರ ಸಂವಿಧಾನದಲ್ಲಿ ಪ್ರಥಮ ಕಾನ್ಸಲ್ ಹತ್ತು ವರ್ಷಕ್ಕೆ. 1802ರಲ್ಲಿ ಜೀವಾವಧಿ ಕಾನ್ಸಲ್. 1804ರಲ್ಲಿ ವಂಶಪಾರಂಪರ್ಯದ ಸಾಮ್ರಾಟ. ಮೂರಕ್ಕೂ ಜನಮತಗಣನೆ ನಡೆಯಿತು. ಮೊದಲನೆಯದರಲ್ಲಿ 30 ಲಕ್ಷಕ್ಕೂ ಹೆಚ್ಚು ಪರ, 1,562 ವಿರೋಧ ಎಂದು ಪ್ರಕಟಿಸಿದರು. ಪರ ಬಿದ್ದ ನಿಜವಾದ ಮತ ಸುಮಾರು ಅದರ ಅರ್ಧ. ಲೆಕ್ಕ ಉಬ್ಬಿಸಿದ ಗೃಹಮಂತ್ರಿ ಅದೇ ಲೂಸಿಯನ್.

ಸುಧಾರಣೆಗಳು ಎಲ್ಲ ಪುಸ್ತಕದಲ್ಲೂ ಇವೆ: 1800ರ ಬ್ಯಾಂಕ್ ಆಫ್ ಫ್ರಾನ್ಸ್, 1801ರ ಪೋಪ್ ಜತೆಗಿನ ಒಪ್ಪಂದ, 1804ರ ನಾಗರಿಕ ಸಂಹಿತೆ.

ಪತನಕ್ಕೆ ಒಂದೇ ದಾರ ಹಿಡಿಯಿರಿ. 1805ರಲ್ಲಿ ಟ್ರಫಾಲ್ಗರ್ ನೌಕಾಯುದ್ಧದಲ್ಲಿ ಸೋತ ಮೇಲೆ ಸಮುದ್ರ ದಾಟಿ ಇಂಗ್ಲೆಂಡನ್ನು ಹೊಡೆಯಲಾಗದು. ಹಾಗಾಗಿ 1806ರ ಬರ್ಲಿನ್ ಶಾಸನದಿಂದ ಅದರ ವ್ಯಾಪಾರಕ್ಕೆ ಯೂರೋಪಿನ ಬಂದರುಗಳನ್ನು ಮುಚ್ಚಿಸಿದ. ಇದೇ ಭೂಖಂಡ ವ್ಯವಸ್ಥೆ. ಒಂದು ಬಂದರು ತೆರೆದಿದ್ದರೂ ಇದು ದಂಡ. ಪೋರ್ಚುಗಲ್ ಒಪ್ಪಲಿಲ್ಲ, 1807ರಲ್ಲಿ ಅಲ್ಲಿಗೆ ಸೈನ್ಯ. ಅದರ ಬೆನ್ನಿಗೇ 1808ರಲ್ಲಿ ಸ್ಪೇನ್, ಅಲ್ಲಿ ಮುಗಿಯದ ಗೆರಿಲ್ಲಾ ಯುದ್ಧ. 1810ರ ಕೊನೆಗೆ ರಷ್ಯಾ ಕೈಕೊಟ್ಟಿತು, 1812ರ ಜೂನ್‌ನಲ್ಲಿ ಅಲ್ಲಿಗೂ ದಂಡಯಾತ್ರೆ. ಆರು ಲಕ್ಷದಷ್ಟು ಸೈನಿಕರು ಹೊರಟರು. ಮಾಸ್ಕೋ ಸಿಕ್ಕಿತು, ಆದರೆ ಸಂಧಿಗೆ ಯಾರೂ ಬರಲಿಲ್ಲ. ಬರೀ ಚಳಿಯಿಂದ ಸತ್ತರೆಂದು ಬರೆಯಬೇಡಿ. ಬೇಸಿಗೆಯ ಮುನ್ನಡೆಯಲ್ಲೇ ಹಸಿವು, ರೋಗಗಳಿಗೆ ದೊಡ್ಡ ಭಾಗ ಕರಗಿತ್ತು. 1813 ಲೀಪ್‌ಜಿಗ್‌ನಲ್ಲಿ ಸೋಲು, 1814 ಎಲ್ಬಾ ದ್ವೀಪಕ್ಕೆ ಗಡೀಪಾರು, ಮರಳಿ ಬಂದ ಮೇಲೆ 1815ರ ಜೂನ್ 18 ವಾಟರ್ಲೂ. ಅಲ್ಲಿ ಸೋಲಿಸಿದ ವೆಲಿಂಗ್ಟನ್, ಹದಿನಾರು ವರ್ಷ ಹಿಂದೆ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡಿದ್ದ ಆರ್ಥರ್ ವೆಲ್ಲೆಸ್ಲಿಯೇ. ಬಂಧನ ಸೇಂಟ್ ಹೆಲೆನಾ ದ್ವೀಪದಲ್ಲಿ, ಸಾವು 1821ರ ಮೇ 5.

"ನೆಪೋಲಿಯನ್ ಕ್ರಾಂತಿಯ ಶಿಶುವೇ?" ಎಂಬ ಪ್ರಶ್ನೆಗೆ ಕಾನೂನಿನ ಮುಂದಿನ ಸಮಾನತೆಯನ್ನು ಎಲ್ಲರೂ ಬರೆಯುತ್ತಾರೆ. ಅದನ್ನು ಸಾರಿದ ನಾಗರಿಕ ಸಂಹಿತೆಯೇ ಹೆಂಡತಿಯನ್ನು ಗಂಡನ ಅಧೀನಕ್ಕೆ ತಳ್ಳಿತು ಎಂಬುದನ್ನೂ ಬರೆಯಿರಿ. 1794ರಲ್ಲಿ ಕ್ರಾಂತಿ ರದ್ದು ಮಾಡಿದ್ದ ಗುಲಾಮಗಿರಿಯನ್ನು 1802ರಲ್ಲಿ ವಸಾಹತುಗಳಲ್ಲಿ ಮತ್ತೆ ತಂದವನು ಇವನು. ಕೆರಿಬಿಯನ್‌ನ ಫ್ರೆಂಚ್ ವಸಾಹತು ಸೇಂಟ್ ಡೊಮಿಂಗೋದ ಮಾಜಿ ಗುಲಾಮರು ಅವನ ಸೈನ್ಯವನ್ನು ಸೋಲಿಸಿ, 1804ರ ಜನವರಿ 1ರಂದು ಹೈಟಿ ಎಂಬ ಸ್ವತಂತ್ರ ದೇಶ ಘೋಷಿಸಿದರು. ಹತ್ತು ಅಂಕದ ಉತ್ತರದಲ್ಲಿ ಇದಕ್ಕೆ ಎರಡು ಸಾಲಾದರೂ ಕೊಡಿ.